ಫರ್ವಾನಿಯಾದಲ್ಲಿ ಕೊಟ್ಟ ಅಳತೆ

ಬಜ್ಪೆಯಲ್ಲಿ ವಿಮಾನ ಹತ್ತುವಾಗ ಜೋರು ಮಳೆ. ನಾಲ್ಕೂವರೆ ಗಂಟೆಯ ನಂತರ ಕುವೈತಿನಲ್ಲಿ ಇಳಿದು ಹೊರಗೆ ಕಾಲಿಟ್ಟರೆ ನಲವತ್ತೇಳು ಡಿಗ್ರಿ ಬಿಸಿಲು, ಮೇಲಿಂದ ದೂಳು. ಚಾಳೀಸಿನ ಕಡ್ಡಿ ಕಿವಿಯ ಹಿಂದೆ ಸುಡತೊಡಗಿತು. ಜೆಸಿಂತಾ ಬಂದು ತಬ್ಬಿಕೊಂಡಳು. ದಪ್ಪಗಾಗಿದ್ದೀಯಾ ಎಂದು ಇಬ್ಬರೂ ಒಟ್ಟಿಗೇ ಹೇಳಿ ನಕ್ಕೆವು. ಫರ್ವಾನಿಯಾದಲ್ಲಿರುವ ಅವಳ ಮನೆಗೆ ಟ್ಯಾಕ್ಸಿಯವನು ಮೂರು ದಿನಾರ್ ಕೇಳಿದ. ಹತ್ತು ನಿಮಿಷದ ದಾರಿಗೆ ಅದು ಹೆಚ್ಚೆಂದು ಜೆಸಿಂತಾ ಅವನೊಂದಿಗೆ ಅರಬಿಯಲ್ಲಿ ಜಗಳವಾಡಿದ್ದನ್ನು ನೋಡಿ ನನಗೆ ಹೆಮ್ಮೆಯಾಯಿತು.

ನಾನು ಕುವೈತ್ ನೋಡಲು ಹೋದವಳಲ್ಲ, ಜೆಸಿಂತಾಳನ್ನು ಕರೆತರಲು ಹೋದವಳು. ಇಬ್ಬರೂ ಮಂಗಳೂರಿನಲ್ಲಿ ಒಟ್ಟಿಗೆ ನರ್ಸಿಂಗ್ ಡಿಪ್ಲೊಮಾ ಓದಿದವರು, ಹಾಸ್ಟೆಲಿನಲ್ಲಿ ಒಂದೇ ಕೋಣೆ. ಮುಂದೆ ಡಿಗ್ರಿ ಮಾಡುವುದೆಂದು ಆಗಲೇ ನಿಶ್ಚಯಿಸಿದ್ದೆವು. ಅಷ್ಟರಲ್ಲಿ ಅವಳಿಗೆ ಕುವೈತ್ ಕೆಲಸ ಬಂತು, ನನಗೆ ಮದುವೆ. ಈಗ ನಮ್ಮ ಹಳೆಯ ಕಾಲೇಜಿನಲ್ಲೇ ಡಿಪ್ಲೊಮಾ ನರ್ಸುಗಳಿಗೆ ಎರಡು ವರ್ಷದ ಡಿಗ್ರಿ ಶುರುವಾಗಿದೆ. ನಮ್ಮಿಬ್ಬರಿಗೂ ಈ ತಿಂಗಳ ಕೊನೆಯವರೆಗೆ ಸೀಟು ಕಾದಿರಿಸುತ್ತೇನೆಂದು ಪ್ರಿನ್ಸಿಪಾಲ್ ಸಿಸ್ಟರ್ ಹೇಳಿದ್ದರು. ನಾನು ಕೆಲಸ ಮಾಡುವ ಉಡುಪಿಯ ಆಸ್ಪತ್ರೆ ಎರಡು ವರ್ಷದ ರಜೆಗೆ ಒಪ್ಪಿತ್ತು, ಅದೂ ಈ ವರ್ಷ ಸೇರಿದರೆ ಮಾತ್ರ. ಅರವತ್ತಕ್ಕೆ ಅರಳು ಮರಳು ಅಂತಾರೆ, ನಿನಗೆ ನಲವತ್ತೇಳಕ್ಕೇ ಬಂತಲ್ಲ ಎಂದು ಗಂಡ ತಮಾಷೆ ಮಾಡಿದರು. ಒಬ್ಬಳೇ ಆಗಿದ್ದರೆ ನನಗೂ ಧೈರ್ಯವಿರಲಿಲ್ಲ. ನೀನು ಸೇರು, ನಾನೂ ಬರ್ತೇನೆ ಎಂದು ಜೆಸಿಂತಾ ಫೋನಿನಲ್ಲಿ ಹೇಳಿದ ಮೇಲೆಯೇ ಹೂಂ ಎಂದದ್ದು.

ಮನೆಯಲ್ಲಿ ಅವಳ ಗಂಡ ವಾಲ್ಟರ್ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಮಾಡಿಟ್ಟಿದ್ದರು. ಬೆನ್ನಿನ ಆಪರೇಷನ್ ಆದ ಮೇಲೆ ಅವರು ಕಂಪೆನಿ ಕೆಲಸ ಬಿಟ್ಟಿದ್ದಾರೆ, ಅಡುಗೆಮನೆ ಈಗ ಅವರದೇ ರಾಜ್ಯ. ಮಗಳು ರಿಯಾ ಹನ್ನೊಂದನೇ ತರಗತಿ. ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಮರುದಿನ ಸಂಜೆ ಇಬ್ಬರೂ ಟೈಲರ್ ಅಂಗಡಿಗೆ ಹೋದೆವು. ನಮ್ಮ ಕೋರ್ಸಿನಲ್ಲಿ ಎಷ್ಟು ವರ್ಷ ಸರ್ವಿಸ್ ಆದ ನರ್ಸಾದರೂ ಮತ್ತೆ ವಿದ್ಯಾರ್ಥಿಯ ಯೂನಿಫಾರ್ಮ್ ಹಾಕಬೇಕು. ಆಕಾಶನೀಲಿ ಬಟ್ಟೆಯನ್ನು ಇಬ್ಬರಿಗೂ ಆಗುವಷ್ಟು ಮಂಗಳೂರಿನಿಂದಲೇ ಒಯ್ದಿದ್ದೆ. ಫರ್ವಾನಿಯಾದ ನರ್ಸುಗಳೆಲ್ಲ ಹೊಲಿಸುವುದು ಆ ಹೈದರಾಬಾದಿ ಭಾಯಿಯ ಹತ್ತಿರ. ನನ್ನ ಅಳತೆ ಮುಗಿದ ಮೇಲೆ ಜೆಸಿಂತಾ ಕೈ ಎತ್ತಿ ನಿಂತಳು. ಸೊಂಟದ ಹತ್ತಿರ ಸ್ವಲ್ಪ ಸಡಿಲ ಇರಲಿ, ವಾರ್ಡಿನಲ್ಲಿ ಬಗ್ಗಬೇಕಾಗುತ್ತದೆ ಎಂದು ಭಾಯಿಗೆ ಹಿಂದಿಯಲ್ಲಿ ಎರಡೆರಡು ಸಲ ಹೇಳಿದಳು. ಬರುವಾಗ ಶವರ್ಮಾ ತಿಂದೆವು. ಹಾಸ್ಟೆಲಿನ ನೀರುಸಾರು ನೆನೆದು ಬಸ್ಸಿನಲ್ಲಿ ಹುಡುಗಿಯರ ಹಾಗೆ ನಕ್ಕೆವು. ಅಷ್ಟು ಸಂತೋಷ ನನಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಶುಕ್ರವಾರ ಅಲ್ಲಿ ವಾರದ ರಜೆ, ಇಗರ್ಜಿಗೂ ಅಂದೇ ಹೋಗುತ್ತಾರೆ. ಪೂಜೆ ಮುಗಿಸಿ ಜೆಸಿಂತಾ ಅಲ್ಲಿಂದಲೇ ಡ್ಯೂಟಿಗೆ ಹೋದಳು. ಮನೆಯಲ್ಲಿ ನಾನು ರಿಯಾಳಿಗೆ, ಅಮ್ಮ ಊರಿಗೆ ಬಂದರೆ ನಿನಗೆ ಬೇಜಾರಾಗುವುದಿಲ್ಲವಾ ಎಂದು ಕೇಳಿದೆ. ಅವಳು ಫೋನಿನಿಂದ ತಲೆ ಎತ್ತಿದಳು. ಮಮ್ಮಿ ಹೋಗುವುದಿಲ್ಲವಲ್ಲ ಆಂಟಿ, ಮಮ್ಮಿ ಕೆಲಸ ಬಿಟ್ಟರೆ ನಾವೆಲ್ಲ ಈ ದೇಶ ಬಿಡಬೇಕಾಗುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ಗೊತ್ತಿದೆ ಎಂದೇ ಆ ಹುಡುಗಿ ತಿಳಿದಿದ್ದಳು. ವಾಲ್ಟರ್ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಮರುದಿನ ಸಂಜೆ ಜೆಸಿಂತಾ ನನ್ನನ್ನು ಬ್ನೇದ್ ಅಲ್ ಗಾರ್ ಕಡೆಯ ಸಮುದ್ರದ ಬದಿಗೆ ಕರೆದುಕೊಂಡು ಹೋದಳು. ಬಸ್ಸಿಗೆ ತಲಾ ಮುನ್ನೂರು ಫಿಲ್ಸ್. ಸೂರ್ಯ ಮುಳುಗಿದ ಮೇಲೂ ಕುಳಿತ ಕಲ್ಲುಬೆಂಚು ಬಿಸಿಯಾಗಿಯೇ ಇತ್ತು. ಅವಳೇ ಶುರುಮಾಡಿದಳು.

"ವಾಲ್ಟರಿಂದು, ರಿಯಾಳದ್ದು, ಇಲ್ಲಿ ಇರ್ಲಿಕ್ಕೆ ಬೇಕಾದ ಇಕಾಮಾ ಎಲ್ಲ ನನ್ನ ಕೆಲಸದ ಮೇಲೆ ಉಂಟು ಶಾರದಾ. ನಾನು ಬಿಟ್ರೆ ಅವರಿಗೂ ಖಲಾಸ್. ರಿಯಾಳ ಓದು ಮಧ್ಯದಲ್ಲಿ ನಿಲ್ತದೆ."

ನನಗೆ ಸಿಟ್ಟು ಬಂತು. "ಮತ್ತೆ ಅಳತೆ ಯಾಕೆ ಕೊಟ್ಟೆ?"

"ಕೊಡುವಾಗ ಹೋಗ್ತೇನೆ ಅಂತಲೇ ಅನಿಸಿತ್ತು ಮಾರಾಯ್ತಿ."

ಎರಡು ವರ್ಷ ಕಾಯೋಣ ಎಂದೆ. ಆಮೇಲೆ ರಿಯಾಳ ಕಾಲೇಜು, ಅದು ಮುಗಿಯುವಾಗ ನಮಗೆ ರಿಟೈರ್ ಆಗುವ ವಯಸ್ಸು ಹತ್ತಿರ ಬಂದಿರುತ್ತದೆ ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಕೆಲಸವನ್ನೂ ಮದುವೆಯನ್ನೂ ಒಂದೆರಡು ವರ್ಷ ತಡೆದು ಓದಿಬಿಡಬೇಕಿತ್ತು. ಆಗ ನಮ್ಮ ಮೇಲೆ ಯಾರ ಇಕಾಮಾವೂ ಇರಲಿಲ್ಲ. ನನ್ನ ಸಿಟ್ಟು ಇಳಿದು ಅಳು ಬಂತು. ಹಾಗಾದರೆ ನಾನೂ ಬಿಡುತ್ತೇನೆ ಎಂದೆ. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ನನ್ನ ಹೆಸರು ಹೇಳಿ ನೀನು ಬಿಡ್ಬೇಡ. ಹೆದರಿಕೆ ಆಗ್ತದೆ ಅಂತ ಬೇಕಾದ್ರೆ ಬಿಡು."

ಉಳಿದ ಎರಡು ದಿನ ನಾವು ಕಾಲೇಜಿನ ಮಾತೆತ್ತಲಿಲ್ಲ. ಭಾಯಿಯ ಹತ್ತಿರ ಎರಡೂ ಯೂನಿಫಾರ್ಮ್ ತಯಾರಾಗಿದ್ದವು. ಅವಳು ತನ್ನದನ್ನು ಹಾಕಿ ನೋಡದೆ ಮಡಿಚಿ ಕಪಾಟಿನಲ್ಲಿಟ್ಟಳು. ವಿಮಾನ ನಿಲ್ದಾಣದಲ್ಲಿ ನನ್ನ ಚೀಲಕ್ಕೆ ಒಂದು ಕಟ್ಟು ಖರ್ಜೂರ ತುರುಕಿ, ಡ್ಯೂಟಿಗೆ ಹೊತ್ತಾಯಿತೆಂದು ಬೇಗ ಹೊರಟುಬಿಟ್ಟಳು.

ಬಜ್ಪೆಯಲ್ಲಿ ಇಳಿದಾಗ ಮಳೆ ನಿಂತಿರಲಿಲ್ಲ. ಉಡುಪಿಗೆ ಹೋಗುವ ಟ್ಯಾಕ್ಸಿಯಲ್ಲಿ ಕುಳಿತು ಪ್ರಿನ್ಸಿಪಾಲ್ ಸಿಸ್ಟರಿಗೆ ಫೋನ್ ಮಾಡಿದೆ. ನಾನು ಸೇರುತ್ತೇನೆ ಎಂದೆ, ಜೆಸಿಂತಾಳಿಗೆ ಬರಲಾಗುವುದಿಲ್ಲ ಎಂದೂ ಹೇಳಿದೆ. ಕೇಳುವವರು ತುಂಬ ಜನ ಇದ್ದಾರೆ, ಹಾಗಾದರೆ ಅವಳ ಸೀಟು ಬೇರೆಯವರಿಗೆ ಕೊಟ್ಟುಬಿಡಲೇ ಎಂದು ಅವರು ಕೇಳಿದರು. ಆಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಅದನ್ನು ಜೆಸಿಂತಾಳ ಬಾಯಿಂದ ಹೇಳಿಸುವಷ್ಟು ಗಟ್ಟಿ ಮನಸ್ಸು ನನಗಿರಲಿಲ್ಲ. ಸುರತ್ಕಲ್ ದಾಟುವವರೆಗೆ ತಡೆದು ಮತ್ತೆ ಫೋನ್ ಮಾಡಿ, ಕೊಡಿ ಸಿಸ್ಟರ್ ಎಂದು ನಾನೇ ಹೇಳಿದೆ.