ಐರ್ಲೆಂಡಿನ ಬಾಯಿ ಮತ್ತು ಆಯಿಯ ಕಾಲು

ಟಿಂಚರ್ ಅಯೋಡಿನ್ನಿನ ವಾಸನೆಯನ್ನು ನಾನು ಇಂದಿಗೂ ಸಹಿಸಲಾರೆ. ಹಳೆಯ ಔಷಧದಂಗಡಿಯ ಮುಂದೆ ಹಾಯುವಾಗ ಆ ಘಾಟು ಮೂಗಿಗೆ ಬಡಿದರೆ ಸಾಕು, ತಂಬೂರು ಎಂಬ ಹಳ್ಳಿಯ ನಮ್ಮ ಮನೆಯ ಹಿಂದಿನ ಪಡಸಾಲೆ ಕಣ್ಣೆದುರು ಬಂದು ನಿಲ್ಲುತ್ತದೆ. ಸೆಗಣಿ ಸಾರಿಸಿದ ತಣ್ಣನೆಯ ನೆಲ, ಗೋಡೆಗೆ ಒರಗಿಸಿಟ್ಟ ಭತ್ತದ ಚೀಲಗಳು, ಮಣೆಯ ಮೇಲೆ ಚಾಚಿದ ಆಯಿಯ ಬಲಗಾಲು. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆ ಮನೆ ಈಗ ಇಲ್ಲ. ನೀವೂ ಅಂಥದೊಂದು ಮನೆಯನ್ನು ಕಳೆದುಕೊಂಡಿದ್ದರೆ ನಿಮಗೂ ಗೊತ್ತಿರುತ್ತದೆ: ಮನೆ ಹೋದ ಮೇಲೆ ಅಲ್ಲಿಯ ಅಕ್ಕರೆಗಿಂತ ಅಲ್ಲಿಯ ಸಿಟ್ಟೇ ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಆಯಿಗೆ ಸಕ್ಕರೆ ರೋಗ. ಹಿಮ್ಮಡಿಯ ಹುಣ್ಣು ಮಾಯುತ್ತಿರಲಿಲ್ಲ. ಬಿಡದೆ ತೊಳೆದು ಕಟ್ಟದಿದ್ದರೆ ಕಾಲನ್ನೇ ತೆಗೆಯಬೇಕಾದೀತು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಕಳಿಸಿದ್ದರು. ಆಯಿ ಸಾವಿಗೆ ಹೆದರಿದವಳಲ್ಲ. ಆದರೆ ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಎರಡೂ ಕಾಲು ಮಡಚಿ, ಅಂಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತಂತೆ ಕೂಡಿಸಿ ಮಣ್ಣು ಕೊಡುತ್ತಾರೆ. ಅವಳ ಭಯವೆಲ್ಲ ಅಲ್ಲಿತ್ತು. "ಒಂದ ಕಾಲಿಲೆ ಶಿವನ ಮುಂದ ಹ್ಯಾಂಗ ಕುಂದ್ರಲಿ ಬೇ?" ಎಂದು ನನ್ನ ಅವ್ವನನ್ನು ಕೇಳುತ್ತಿದ್ದಳು.

ಹುಣ್ಣು ಕಟ್ಟಲು ಬರುತ್ತಿದ್ದವಳು ನೋರಾಬಾಯಿ. ದೇವಿಕೊಪ್ಪದ ಕಡೆ ಇದ್ದ ಸಣ್ಣ ದವಾಖಾನೆಯ ನರ್ಸ್. ಕೆಸರಲ್ಲೂ ಸೈಕಲ್ಲಿನಲ್ಲೇ ಬರುತ್ತಿದ್ದಳು. ಬಿಸಿಲಿಗೆ ಸುಟ್ಟು ಕೆಂಪಾದ ಕುತ್ತಿಗೆ, ಗಂಡಸರಂತೆ ದೊಡ್ಡ ಕೈ, ಮಾತು ಮಾತ್ರ ಅಗದಿ ನಮ್ಮೂರಿನದೇ. ಓಣಿಯ ಹುಡುಗರು "ಇಂಗ್ಲಂಡ ಬಾಯಿ" ಎಂದು ಕೂಗಿದರೆ ಸೈಕಲ್ಲಿನಿಂದ ಇಳಿದು ಹೋಗಿ ಕಿವಿ ಹಿಂಡಿ, ತನ್ನದು ಐರ್ಲೆಂಡ್ ಎಂದು ಹೇಳಿ ಬರುತ್ತಿದ್ದಳು. ಹುಣ್ಣು ತೊಳೆಯುತ್ತ ಆಯಿಗೆ ತನ್ನ ದೇಶದ ಕತೆ ಹೇಳುವಳು. ಬಟಾಟಿ ಬೆಳೆ ಹೊಲದಲ್ಲೇ ಕೊಳೆತು ಜನ ಉಪವಾಸ ಸಾಯುತ್ತಿದ್ದಾಗ, ಅದೇ ಹೊಲಗಳ ಆಚೆಯಿಂದ ಇಂಗ್ಲೆಂಡಿಗೆ ಸಾಗುವ ಕಾಳಿನ ಬಂಡಿಗಳು ಸಿಪಾಯಿಗಳ ಕಾವಲಿನಲ್ಲಿ ಬಂದರಿಗೆ ಹೋದವಂತೆ. ಅವಳ ಮುತ್ತಜ್ಜಿಯ ಭಾಷೆಯನ್ನು ಸಾಲೆಯಲ್ಲಿ ಹೊಡೆದು ಹೊಡೆದು ಬಿಡಿಸಿದರಂತೆ; ತನಗೆ ಅದರ ನಾಲ್ಕು ಮಾತೂ ಬಾರದು ಎನ್ನುವಾಗ ಅವಳ ದನಿ ಗಡುಸಾಗುತ್ತಿತ್ತು. ಆಯಿ ನಗುತ್ತಿದ್ದಳು: "ನಿಮ್ಮ ಮುತ್ತಜ್ಜಿ ಭಾಷಾ ಹೋದ್ರ ಹೋತ್ರಿ, ನಮ್ಮ ಬೈಗಳಾದ್ರೂ ಬರ್ತಾವಲ್ಲ."

ಅಜ್ಜ ಇದಾವುದನ್ನೂ ಕೇಳಲು ನಿಲ್ಲುತ್ತಿರಲಿಲ್ಲ. ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದವನು ಅವನು. ಬಲಗೈಯ ಮಣಿಕಟ್ಟು ಹೊರಳಿಕೊಂಡು ಹಾಗೇ ಕೂಡಿತ್ತು. ಆ ಕೈಯಲ್ಲಿ ತಂಬಿಗೆ ಎತ್ತಿದರೆ ನೀರು ತುಳುಕುತ್ತಿತ್ತು. ಸೈಕಲ್ಲಿನ ಗಂಟೆ ಕೇಳಿದೊಡನೆ "ಕಂಪನಿಯಾಕಿ ಬಂದ್ಲು" ಎಂದು ಟೊಪ್ಪಿಗೆ ಹಾಕಿಕೊಂಡು ಮುಂದಿನ ಬಾಗಿಲಿನಿಂದ ಹೊರಟುಬಿಡುತ್ತಿದ್ದ. ಅವಳು ಹೋಗುವ ತನಕ ಹೊಲದಲ್ಲೇ ಇರುತ್ತಿದ್ದ. ಪಾಪ, ಹಳ್ಳಿಯ ಮುದುಕ, ಬಿಳಿ ತೊಗಲೆಲ್ಲ ಒಂದೇ, ಎಲ್ಲ ನಮ್ಮನ್ನಾಳಿದ ಇಂಗ್ಲಿಷ್ ಕಂಪನಿಯವರೇ ಎಂದುಕೊಂಡಿದ್ದಾನೆ ಎಂದು ನಾವೆಲ್ಲ ತಿಳಿದಿದ್ದೆವು.

ಒಂದು ವರ್ಷ ಆಗಸ್ಟಿನಲ್ಲಿ ಸಾಲೆಯ ಹೆಡ್ ಮಾಸ್ತರರಿಗೆ ಏನು ಹೊಳೆಯಿತೋ, ಸ್ವಾತಂತ್ರ್ಯ ದಿನದ ಧ್ವಜ ಏರಿಸಲು ನೋರಾಬಾಯಿಯನ್ನು ಕರೆದರು. ಪ್ರತಿ ವರ್ಷ ಏರಿಸುತ್ತಿದ್ದವನು ಅಜ್ಜ. ಬಿಳಿಯ ಅತಿಥಿ ಬಂದರೆ ಸಾಲೆಗೆ ಶೋಭೆ ಎಂಬುದಷ್ಟೇ ಅವರ ಲೆಕ್ಕ. ಯಾವ ದಿನ, ಯಾರನ್ನು ಕರೆಯುತ್ತಿದ್ದೇವೆ ಎಂದು ಊರಲ್ಲಿ ಒಬ್ಬರೂ ಯೋಚಿಸಲಿಲ್ಲ. ಸುದ್ದಿ ತಿಳಿದ ದಿನ ಅಜ್ಜ ಊಟ ಮಾಡಲಿಲ್ಲ.

ಮರುದಿನ ಮಧ್ಯಾಹ್ನ ನೋರಾಬಾಯಿ ಮೊದಲ ಸಲ ಮುಂದಿನ ಬಾಗಿಲಿಗೆ ಬಂದಳು. ಅಜ್ಜ ಕಟ್ಟೆಯ ಮೇಲಿದ್ದ. ನಾನು ಹೊಸ್ತಿಲಲ್ಲಿ ಅವ್ವನ ಸೆರಗು ಹಿಡಿದು ನಿಂತಿದ್ದೆ.

"ಮಾಸ್ತರಗ ಒಲ್ಲೆ ಅಂತ ಹೇಳಿ ಬಂದೇನ್ರಿ. ಝಂಡಾ ನೀವ ಏರಸ್ರಿ," ಎಂದಳು. "ಆದ್ರ ನನ್ನ ಕಂಪನಿಯಾಕಿ ಅನಬ್ಯಾಡ್ರಿ. ನಿಮ್ಮನ್ನ ಆಳಿದವ್ರು ನಮ್ಮನ್ನ ನಿಮಗಿಂತ ಮೊದಲ ಆಳ್ಯಾರ. ನಂದು ಐರ್ಲೆಂಡ."

"ಗೊತ್ತೈತ್ರಿ," ಎಂದ ಅಜ್ಜ. ಹೊರಳಿದ ಕೈಯನ್ನು ಎತ್ತಿ ಅವಳ ಮುಖದ ಮುಂದೆ ಹಿಡಿದ. "ಜೇಲಿನ್ಯಾಗ ಇದನ್ನ ಮುರದಾವ ನಿಮ್ಮ ದೇಶದಾವ. ಸಂಜಿಕ ಕುಡದು, ತನ್ನ ದೇಶ ನೆನಸಿ ಹಾಡಿ ಅಳತಿದ್ದ. ಮುಂಜಾನೆ ಎದ್ದು ನಮ್ಮನ್ನ ಹೊಡೀಲಿಕ್ಕೆ ಬರತಿದ್ದ."

ಅವಳ ಮುಖದ ಕೆಂಪು ಇಳಿಯಿತು. ಅವನು ಯಾವ ಊರಿನವನು ಎಂದು ಕೇಳಿದಳು.

"ಹೊಡತ ತಿನ್ನೂಮುಂದ ಯಾವೂರಂತ ಕೇಳಲಿಲ್ರಿ. ಇಂಗ್ಲಿಷರಿಗೆ ಗುಲಾಮಗಿರಿ ಅಂದ್ರ ಏನಂತ ಗೊತ್ತಿದ್ದಿಲ್ಲ. ನಿಮಗ ಗೊತ್ತಿತ್ತು. ಗೊತ್ತಿದ್ದೂ ಬಂದು ಬಡದ್ರಿ. ಅವರಿಗಿಂತ ನಿಮ್ಮ ಮ್ಯಾಲ ನನಗ ಹೆಚ್ಚ ಸಿಟ್ಟು. ನಾಳಿಂದ ಈ ಮನಿಗೆ ಬರೂದ ಬ್ಯಾಡ."

ಒಳಗಿನಿಂದ ಆಯಿಯ ದನಿ ಬಂತು. ಅವಳು ಗಂಡನಿಗೆ ಎದುರಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಕೈ ನಿಮ್ಮದು, ಕಾಲ ನಂದು. ಆಕಿ ಬರ್ತಾಳ."

ಅಜ್ಜ ಟೊಪ್ಪಿಗೆ ಹಾಕಿಕೊಂಡು ಹೊರಟುಹೋದ. ನೋರಾಬಾಯಿ ಸುತ್ತುಹಾಕಿ ಹಿಂದಿನ ಬಾಗಿಲಿಗೆ ಬಂದು, ನೀರು ಕಾಯಿಸಲು ಹೇಳಿ, ಹುಣ್ಣಿನ ಮುಂದೆ ಕೂತಳು. ಮುಂದೆಯೂ ತಪ್ಪದೆ ಬಂದಳು. ಆದರೆ ಮತ್ತೆಂದೂ ತನ್ನ ದೇಶದ ಮಾತು ಎತ್ತಲಿಲ್ಲ. ಆಯಿ ತಾನಾಗಿಯೇ ಕೇಳಿದರೂ, ಇನ್ನೊಮ್ಮೆ ಹೇಳುತ್ತೇನೆ ಎಂದು ಪಟ್ಟಿಯನ್ನು ಇನ್ನಷ್ಟು ಬಿಗಿಯುತ್ತಿದ್ದಳು. ಓಣಿಯ ಹುಡುಗರು ಇಂಗ್ಲಂಡ ಬಾಯಿ ಎಂದು ಕೂಗಿದರೆ ಸೈಕಲ್ ಇಳಿಯುವುದನ್ನೂ ಬಿಟ್ಟಳು. ಅಜ್ಜನ ಸಿಟ್ಟು ಅವಳಿಂದ ಕಸಿದದ್ದು ಇದನ್ನೇ. ಅದಕ್ಕಾಗಿ ನಾನು ಅಜ್ಜನ ಮೇಲೆ ಬಹಳ ವರ್ಷ ಮುನಿದುಕೊಂಡಿದ್ದೆ. ಅಜ್ಜ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎಂಬುದು ಆ ಮುನಿಸನ್ನು ಇನ್ನೂ ಹೆಚ್ಚು ಮಾಡಿತು.

ಆಯಿ ಹೋದದ್ದು ಭತ್ತದ ಕೊಯ್ಲಿನ ದಿನಗಳಲ್ಲಿ, ಎದೆನೋವಿನಿಂದ. ಹೊಲದ ಮೂಲೆಯಲ್ಲಿ ಕುಣಿ ತೋಡಿ, ಒಳಗೆ ಕೂರಿಸುವ ಗೂಡು ಕೊರೆದು, ಮೈಗೆಲ್ಲ ವಿಭೂತಿ ಹಚ್ಚಿ ಅವಳನ್ನು ಇಳಿಸಿದರು. ನೋರಾಬಾಯಿ ಬದುವಿನ ಆಚೆ, ಸೈಕಲ್ಲಿಗೆ ಆತು ನಿಂತಿದ್ದಳು, ಹತ್ತಿರ ಬರಲಿಲ್ಲ. ಯಾರೂ ಕರೆಯಲಿಲ್ಲ. ಮಣ್ಣು ಕೊಡುವ ಮುಂಚೆ ಅಜ್ಜ, ಕತ್ತು ಹೊರಳಿಸದೆ, ಅವಳಿಗೆ ಕೇಳುವಷ್ಟು ಜೋರಾಗಿ ಹೇಳಿದ:

"ಬಾಯಾರ, ಬಂದು ನೋಡ್ರಿ. ಎರಡೂ ಕಾಲ ಮಡಚಿ ಕುಂತಾಳ."

ಅವಳು ಬಂದು ಬಗ್ಗಿ ನೋಡಿದಳು. ಒಂದು ಹಿಡಿ ಮಣ್ಣು ಹಾಕಿ, ಯಾರ ಮುಖವನ್ನೂ ನೋಡದೆ ಹೋದಳು. ಅದೇ ಕೊನೆ. ಅಜ್ಜ ಸಾಯುವ ತನಕ ಅವಳ ದೇಶವನ್ನು ಕ್ಷಮಿಸಲಿಲ್ಲ, ಅವಳೂ ಕ್ಷಮೆ ಕೇಳಲಿಲ್ಲ. ದವಾಖಾನೆ ಮುಚ್ಚಿತು, ಅವಳು ಎಲ್ಲಿಗೆ ಹೋದಳೋ ನಮಗೆ ತಿಳಿಯಲಿಲ್ಲ. ಮನೆ ಬಿತ್ತು, ಹೊಲ ಬೇರೆಯವರದಾಯಿತು. ಈಗ ಅಲ್ಲಿ ಉಳುವವರಿಗೆ ಗೊತ್ತೋ ಇಲ್ಲವೋ, ಆ ಮೂಲೆಯ ಮಣ್ಣೊಳಗೆ ನಮ್ಮ ಆಯಿ ನೆಟ್ಟಗೆ ಕೂತಿದ್ದಾಳೆ.