ತೊಲೆ ಬಾಗಿದ ದಿನ

ಅವರನ್ನು ಎಲ್ಲರೂ ಅಳತೆ ಅಕ್ಕ ಎಂದೇ ಕರೆಯುತ್ತಿದ್ದರು. ಹಳೆಯ ಕಟ್ಟಡದಲ್ಲಿ ಯಾವ ಗೋಡೆ ಒಡೆಯಬಹುದು, ಒಡೆದ ಕಡೆ ಎಷ್ಟು ದಪ್ಪದ ಕಬ್ಬಿಣದ ತೊಲೆ ಕೂರಿಸಬೇಕು ಎಂದು ಲೆಕ್ಕ ಹಾಕಿ ನಕ್ಷೆ ಬರೆದುಕೊಡುವುದು ಅವರ ಕೆಲಸ. ಹತ್ತೊಂಬತ್ತು ವರ್ಷ ಒಂದು ಕಚೇರಿಯಲ್ಲಿ ದುಡಿದಿದ್ದರು. ಅದು ಮುಚ್ಚಿದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಮೇಜು ಹಾಕಿಕೊಂಡರು. ನಕ್ಷೆಯ ಮೂಲೆಯಲ್ಲಿ ಮೊದಲ ಸಲ ತಮ್ಮದೇ ಸಹಿ ಹಾಕಿದಾಗ ಹೆಮ್ಮೆಯೇನೋ ಆಯಿತು. ಲೆಕ್ಕ ತಪ್ಪಿದರೆ ಇನ್ನು ಹೊಣೆ ತಮ್ಮೊಬ್ಬರದೇ ಎಂಬ ಸಣ್ಣ ಅಳುಕೂ ಎದ್ದಿತು.

ಆ ಅಳುಕಿಗೇ ಅವರು, ತಮ್ಮ ಕೆಲಸದ ತಪ್ಪಿನಿಂದ ಬೇರೆಯವರಿಗೆ ನಷ್ಟವಾದರೆ ತುಂಬಿಕೊಡುವ ವೃತ್ತಿ ಹೊಣೆಗಾರಿಕೆಯ ವಿಮೆ ಮಾಡಿಸಿದ್ದು. ಶಾಲಾ ಬಸ್ಸು ಓಡಿಸುವ ಗಂಡ ನಕ್ಕಿದ್ದರು.

"ನನ್ನ ಬಸ್ಸಿಗೆ ಇನ್ಶೂರೆನ್ಸ್ ಇದೆ, ಸರಿ. ನಿನ್ನ ಪೆನ್ಸಿಲ್ಲಿಗೂ ಬೇಕಾ?"

"ನಿಮ್ಮ ಬಸ್ಸು ಗುದ್ದಿದ್ರೆ ಆವಾಗ್ಲೇ ಗೊತ್ತಾಗುತ್ತೆ ರೀ. ನನ್ನ ಪೆನ್ಸಿಲ್ಲು ಗುದ್ದಿದ್ದು ಯಾವಾಗ ಗೊತ್ತಾಗುತ್ತೋ ಯಾರಿಗೆ ಗೊತ್ತು!"

ಒಂದು ಬುಧವಾರ ಬೆಳಿಗ್ಗೆ ಹಲ್ಲಿನ ಡಾಕ್ಟರು ಫೋನ್ ಮಾಡಿದರು. ನಾಲ್ಕು ತಿಂಗಳ ಹಿಂದೆ ಅವರು ಕ್ಲಿನಿಕ್ಕಿನ ಎರಡು ಕೋಣೆಗಳ ನಡುವಿನ ಗೋಡೆ ತೆಗೆಸಿ ಒಂದೇ ಹಜಾರ ಮಾಡಿಸಿದ್ದರು. ಲೆಕ್ಕ, ನಕ್ಷೆ ಎರಡೂ ಅಳತೆ ಅಕ್ಕನವು.

"ಅಕ್ಕಾ, ಒಳಬಾಗಿಲು ಮುಚ್ಚೋಕೇ ಆಗ್ತಿಲ್ಲ. ಮೇಲೆ ಬಿರುಕು ಬಿಟ್ಟಿದೆ. ಪೇಂಟರನ್ನ ಕರೀಲಾ?"

"ಯಾರನ್ನೂ ಕರೀಬೇಡಿ. ಬಂದೆ."

ಹಜಾರದಲ್ಲಿ ಏಳು ಜನ ಕಾಯುತ್ತಿದ್ದರು. ಒಬ್ಬಾಕೆ ಕೆನ್ನೆ ಹಿಡಿದುಕೊಂಡು ಸರಿಯಾಗಿ ತೊಲೆಯ ಕೆಳಗೇ ಕೂತಿದ್ದಳು. ಅಳತೆ ಅಕ್ಕ ನೆಲದಿಂದ ತೊಲೆಯ ಎತ್ತರ ಅಳೆದರು: ಎರಡೂ ತುದಿಯಲ್ಲಿ ಒಂದೇ, ನಡುವೆ ಎರಡು ಬೆರಳಷ್ಟು ಕಡಿಮೆ.

"ಎಲ್ಲರೂ ಈಗ್ಲೇ ಹೊರಗೆ ನಡೀರಿ. ಬ್ಯಾಗು ಆಮೇಲೆ ತಗೊಂಡ್ರಾಯ್ತು. ಏಳಿ, ಏಳಿ!"

ಚಿಕಿತ್ಸೆಯ ಕುರ್ಚಿಯಲ್ಲಿದ್ದ ಮುದುಕರೊಬ್ಬರು ಬಾಯಿ ತುಂಬ ಹತ್ತಿ ಇಟ್ಟುಕೊಂಡೇ ಗೊಣಗುತ್ತಾ ಬೀದಿಗೆ ಬಂದರು. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಕಬ್ಬಿಣದ ಕಂಬಗಳನ್ನು ತಂದು ತೊಲೆಗೆ ಆಸರೆ ಕೊಟ್ಟ. ಆಮೇಲೆ ಅಳತೆ ಅಕ್ಕ ತಾರಸಿ ಹತ್ತಿ ನೋಡಿದರು. ತುಂಬಿದ ನೀರಿನ ಟ್ಯಾಂಕು ಒಂದಲ್ಲ, ಎರಡು. ಅವರ ಲೆಕ್ಕದಲ್ಲಿ ಇದ್ದದ್ದು ಒಂದೇ.

ಕೆಳಗೆ ಡಾಕ್ಟರು ಬಿಳಿ ಹಾಳೆ ಹಿಡಿದು ನಿಂತಿದ್ದರು. "ತಪ್ಪು ನಂದೇ, ಖರ್ಚೆಲ್ಲ ನಾನೇ ಕೊಡ್ತೀನಿ ಅಂತ ಬರೆದುಕೊಡಿ."

ಅಳತೆ ಅಕ್ಕನ ಕೈ ಪೆನ್ನಿಗೆ ಹೋಯಿತು. ಪಾಲಿಸಿ ಮಾಡಿಸಿದ ಏಜೆಂಟ್ ಹುಡುಗಿ ಒತ್ತಿ ಹೇಳಿದ ಮಾತು ಆಗಲೇ ನೆನಪಾಯಿತು: ಅಪಾಯ ಇದ್ದರೆ ಕೂಗಿ ಹೇಳಿ, ಆದರೆ ನಷ್ಟ ತುಂಬಿಕೊಡುತ್ತೇನೆಂದು ಕಂಪನಿಯನ್ನು ಕೇಳದೆ ಬರೆದುಕೊಡಬೇಡಿ.

"ಹೀಗೆ ಬರೆಯೋಕಾಗಲ್ಲ ಡಾಕ್ಟ್ರೇ. ನಾನೆಲ್ಲೂ ಓಡಿಹೋಗಲ್ಲ. ಇನ್ಶೂರೆನ್ಸಿನವರಿಗೆ ಇವತ್ತೇ ತಿಳಿಸ್ತೀನಿ."

"ಓಹೋ, ಜಾರಿಕೊಳ್ಳೋ ದಾರಿ ಇದು!"

ಅಲ್ಲಿ ನೆರೆದಿದ್ದವರೆಲ್ಲ ತಿರುಗಿ ನೋಡಿದರು. ಅಕ್ಕ ಮುಖ ಕೆಳಗೆ ಹಾಕಿ ಬೀದಿಗೆ ಬಂದು ಏಜೆಂಟಿಗೆ ಫೋನ್ ಹಚ್ಚಿದರು.

"ಮೇಡಂ, ನಿಮ್ಮ ಪಾಲಿಸಿ ನಾಳೆ ಮುಗಿಯುತ್ತೆ," ಎಂದಳು ಆಕೆ.

"ನಕ್ಷೆ ಬರೆದಾಗ ಪಾಲಿಸಿ ಇತ್ತಲ್ಲಮ್ಮಾ?"

"ಅಷ್ಟೇ ಸಾಲಲ್ಲ. ಈ ಪಾಲಿಸಿಯಲ್ಲಿ ತಪ್ಪು ಯಾವತ್ತು ಆಯ್ತು ಅನ್ನೋದಕ್ಕಿಂತ ದೂರು ಯಾವತ್ತು ಬಂತು, ನಮಗೆ ಯಾವತ್ತು ತಿಳಿಸಿದ್ರಿ ಅನ್ನೋದು ಮುಖ್ಯ. ಬಾಯಲ್ಲಿ ಹೇಳಿದ್ರೆ ಆಗಲ್ಲ. ಇವತ್ತೇ ಬರೆದು ಕಳಿಸಿ, ಇರೋ ದಾಖಲೆ ಎಲ್ಲಾ ಸೇರಿಸಿ."

ಮನೆಗೆ ಬಂದು ಕಡತ ಬಿಚ್ಚಿದರು. ನಕ್ಷೆಗೂ ಮುಂಚೆ ಸ್ಥಳ ನೋಡಲು ಹೋದಾಗ ತೆಗೆದ ಫೋಟೋಗಳಲ್ಲಿ ಒಂದು ತಾರಸಿಯದು. ಒಣಹಾಕಿದ ಬೆಡ್‌ಶೀಟುಗಳ ಹಿಂದೆ ಎರಡನೇ ಟ್ಯಾಂಕಿನ ಮುಚ್ಚಳ ಇಣುಕುತ್ತಿತ್ತು. ಅಂದರೆ ಅದು ಅವತ್ತೇ ಅಲ್ಲಿತ್ತು. ನೋಡದೆ ಬಿಟ್ಟವರು ಇವರೇ.

ಬಸ್ಸು ನಿಲ್ಲಿಸಿ ಬಂದ ಗಂಡ ಬಗ್ಗಿ ನೋಡಿದರು. "ಈ ಫೋಟೋ ಒಂದು ಇಲ್ಲದೇ ಹೋಗಿದ್ರೆ?" ಎಂದರು. "ಟ್ಯಾಂಕು ಆಮೇಲೆ ಇಟ್ಟದ್ದು ಅನ್ನಬಹುದಿತ್ತು."

ಅಳತೆ ಅಕ್ಕನಿಗೂ ಆ ಯೋಚನೆ ಬಂದು ಹೋಗಿತ್ತು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ ಬಂತು.

"ಈಗ ತಪ್ಪು ಮಾಡಿದೀನಿ. ಇದನ್ನ ಅಳಿಸಿದ್ರೆ ಮೋಸ ಮಾಡಿದ ಹಾಗೆ. ವಿಮೆ ಇರೋದು ತಪ್ಪಿಗೆ ರೀ, ಮೋಸಕ್ಕಲ್ಲ. ಅದೂ ಅಲ್ಲದೆ, ಆ ತೊಲೆ ಕೆಳಗೆ ಜನ ಕೂತಿದ್ರು."

ಗಂಡ ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. ನಡೆದದ್ದನ್ನು ನಡೆದ ಹಾಗೆ, ಗಂಟೆ ನಿಮಿಷದ ಸಮೇತ ಬರೆದು, ಫೋಟೋ ಸೇರಿಸಿ ಕಳಿಸಿದಾಗ ಸಂಜೆ ಐದೂಮುಕ್ಕಾಲು. 'ತಲುಪಿದೆ' ಎಂಬ ಉತ್ತರ ಬರುವವರೆಗೆ ಇಬ್ಬರೂ ಎದ್ದಿರಲಿಲ್ಲ. ಮರುದಿನ ಪಾಲಿಸಿಯನ್ನು ನವೀಕರಿಸಿದ್ದೂ ಆಯಿತು.

ಆಮೇಲಿನ ಒಂಬತ್ತು ವಾರ ಫೋನ್ ರಿಂಗಾದರೆ ಸಾಕು, ಕೈಲಿದ್ದ ಕೆಲಸ ಬಿಟ್ಟು ಓಡುತ್ತಿದ್ದರು. ವಿಮೆ ಕಂಪನಿಯ ಇಂಜಿನಿಯರ್ ತಾರಸಿ ಹತ್ತಿದರು, ಲೆಕ್ಕದ ಹಾಳೆ ತಿರುವಿಹಾಕಿದರು, ಕೇಳಿದ್ದನ್ನೇ ಮೂರು ಸಲ ಕೇಳಿದರು. ಮೂರು ಸಲವೂ ಅಕ್ಕ ಒಂದೇ ಉತ್ತರ ಕೊಟ್ಟರು. ಕೊನೆಗೆ ಕಂಪನಿ ಒಪ್ಪಿತು. ಪಾಲಿಸಿಯ ಷರತ್ತಿನಂತೆ ಖರ್ಚಿನ ಮೊದಲ ಪಾಲನ್ನು ಅಕ್ಕನೇ ಕೈಯಿಂದ ಕೊಟ್ಟರು. ಉಳಿದದ್ದನ್ನು ಕಂಪನಿ ಕೊಟ್ಟಿತು: ದಪ್ಪನೆಯ ಹೊಸ ತೊಲೆ ಬಂತು, ಕ್ಲಿನಿಕ್ಕು ಮುಚ್ಚಿದ್ದ ದಿನಗಳ ನಷ್ಟವೂ ಡಾಕ್ಟರಿಗೆ ಸಿಕ್ಕಿತು.

ಆದರೂ ಡಾಕ್ಟರು ತಮ್ಮ ಮನೆಯ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಅದು ಸಹಜವೇ ಎಂದು ಅಳತೆ ಅಕ್ಕ ಎಲ್ಲರ ಮುಂದೆ ಹೇಳಿದರು. ಎರಡು ದಿನ ಊಟ ಮಾತ್ರ ರುಚಿಸಲಿಲ್ಲ.

ಈಗ ಅವರು ತಮ್ಮ ಪ್ರತಿ ಲೆಕ್ಕವನ್ನೂ ಹಳೇ ಕಚೇರಿಯ ಗೆಳತಿಯೊಬ್ಬರಿಗೆ ಕಳಿಸುತ್ತಾರೆ, ಗೆಳತಿಯ ಲೆಕ್ಕವನ್ನು ತಾವು ನೋಡಿಕೊಡುತ್ತಾರೆ. ಕಳೆದ ವಾರ ಗೆಳತಿ ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಕಳಿಸಿದ್ದರು. ಅಳತೆ ಅಕ್ಕ ನೋಡಿ, ತಮ್ಮನ್ನು ತಾವೇ ಬೈದುಕೊಂಡು, ತಿದ್ದಿ ಬರೆದರು.