ಬೈರಪ್ಪ ಮಗಳೊಂದಿಗೆ ಮಾತಾಡಿದ್ದು

ಬೂದಿಕೋಟೆಯಿಂದ ಒಳಗೆ ನಡೆದುಹೋಗಬೇಕಾದ ಒಂದು ಊರಲ್ಲಿ ಬೈರಪ್ಪ ಕುರಿ ಕಾಯುತ್ತಿದ್ದ. ಮೊದಲಿನಿಂದಲೂ ಮಾತು ಕಡಿಮೆ. ಮನೆಯ ಮಾತೆಲ್ಲ ಹೆಂಡತಿ ಕದಿರಮ್ಮನದೇ. ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಅವಳು ಜ್ವರದಿಂದ ತೀರಿಕೊಂಡಾಗ ಮಗಳು ಆದಿಲಕ್ಷ್ಮಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿಗೆ ಮನೆಯಲ್ಲಿ ಸದ್ದೇ ಅಡಗಿತು.

ಬೈರಪ್ಪ ಮಗುವಿನ ಹೊಟ್ಟೆಗೇನೂ ಕಡಿಮೆ ಮಾಡಲಿಲ್ಲ. ಹಾಲು ಕಾಯಿಸಿ ಕುಡಿಸುತ್ತಿದ್ದ, ರಾಗಿ ಸರಿ ತಿನ್ನಿಸುತ್ತಿದ್ದ, ಕಂಬಳಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಗುಡ್ಡಕ್ಕೆ ಒಯ್ಯುತ್ತಿದ್ದ. ಆದರೆ ಎರಡು ವರ್ಷ ಕಳೆದರೂ ಮಗು ಒಂದು ಮಾತೂ ಆಡಲಿಲ್ಲ. ಅಳುವುದನ್ನೂ ಬಿಟ್ಟಿತ್ತು. ಬೇತಮಂಗಲದಿಂದ ಬಂದ ಅವನ ಅಕ್ಕ ಮುನಿನಾರಾಯಣಮ್ಮ, ಇದು ಮೂಗಿಯೇ ಇರಬೇಕು, ನಾನು ಸಾಕಿಕೊಳ್ಳುತ್ತೇನೆ, ನೀನು ಇನ್ನೊಂದು ಮದುವೆ ಮಾಡಿಕೋ ಎಂದಳು. ಬೈರಪ್ಪ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕುರಿ ಹೊಡೆದುಕೊಂಡು ಗುಡ್ಡಕ್ಕೆ ಹೋದ.

ಊರಿನ ಅಂಗನವಾಡಿ ಟೀಚರು ಅಕ್ಕಯ್ಯಮ್ಮ ಆಗಷ್ಟೇ ಬಂಗಾರಪೇಟೆಯಲ್ಲಿ ತರಬೇತಿ ಮುಗಿಸಿ ಬಂದಿದ್ದಳು. ಮಗುವಿನ ಹಿಂದೆ ನಿಂತು ತಟ್ಟೆ ಬಡಿದಳು. ಮಗು ತಿರುಗಿ ನೋಡಿತು. ಕಿವಿ ಕೇಳುತ್ತದೆ ಎಂದಳು. ತರಬೇತಿಯಲ್ಲಿ ಡಾಕ್ಟರು ಹೇಳಿದ್ದನ್ನೂ ತಿಳಿಸಿದಳು: ಮೊದಲ ವರ್ಷಗಳಲ್ಲಿ ಮಿದುಳು ಬೆಳೆಯುವಷ್ಟು ಬೇಗ ಮುಂದೆಂದೂ ಬೆಳೆಯುವುದಿಲ್ಲವಂತೆ. ಅದಕ್ಕೆ ಹಾಲು ಅನ್ನ ಮಾತ್ರ ಸಾಲದು. ಮಗು ನೋಡಿದರೆ ನಾವೂ ನೋಡಬೇಕು, ಅದು ಸದ್ದು ಮಾಡಿದರೆ ನಾವು ಓಗೊಡಬೇಕು. ಹೆದರಿಸಿದರೆ ಅದು ಏನೂ ಕಲಿಯದು.

"ಮಾತೇ ಬರ್ದಿರೋ ಕೂಸಿನ ತಾವ ಏನಂತ ಮಾತಾಡ್ಲಿ, ಟೀಚರಮ್ಮ?"

"ನೀನು ಏನ್ ಮಾಡ್ತೀಯೋ ಅದನ್ನೇ ಯೋಳಣ್ಣ. ಅದರ ಮಕ ನೋಡ್ಕೊಂಡು ಯೋಳು."

ಮರುದಿನ ಬೈರಪ್ಪ ಗುಡ್ಡದಲ್ಲಿ ಮಗುವನ್ನು ಎದುರಿಗೆ ಕೂರಿಸಿಕೊಂಡು, ಇದು ಕರಿ ಕುರಿ ಎಂದ. ನಾಚಿಕೆಯಾಯಿತು. ಉಳಿದ ಕುರಿಗಾಹಿಗಳು ನಕ್ಕರು. ಅವರನ್ನು ಬಿಟ್ಟು ಗುಡ್ಡದ ಆಚೆ ಬದಿಗೆ ಹೋಗತೊಡಗಿದ. ಕುರಿ, ಬಂಡೆ, ಮೋಡ ಎಲ್ಲ ಹೇಳಿ ಮುಗಿದ ಮೇಲೆ ಬಾಯಿಗೆ ಕದಿರಮ್ಮ ಬಂದಳು. ಸಾರಿಗೆ ಹುಣಸೆ ಹೆಚ್ಚು ಹಾಕುತ್ತಿದ್ದಳು, ಗುಡುಗಿಗೆ ಹೆದರುತ್ತಿದ್ದಳು. ಇದನ್ನೆಲ್ಲ ಅವನು ಯಾರ ಹತ್ತಿರವೂ ಹೇಳಿರಲಿಲ್ಲ. ಮಗು ಅವನ ತುಟಿಯನ್ನೇ ನೋಡುತ್ತಿತ್ತು.

ರಾಗಿ ತೆನೆಗಟ್ಟುವ ಹೊತ್ತಿಗೆ ಅದು ಒಂದು ಮರಿಯನ್ನು ತೋರಿಸಿ "ಕುಯಿ" ಎಂದಿತು. ಬೈರಪ್ಪ ಹೌದು ಕುರಿ ಎಂದ, ಮರಿಯನ್ನು ಎತ್ತಿ ತಂದು ಮಗುವಿನ ಮಡಿಲಿಗೆ ಇಟ್ಟ.

ಆಮೇಲೆ ಮಾತು ಒಂದೊಂದಾಗಿ ಬಂತು, ಹಟವೂ ಬಂತು. ಒಮ್ಮೆ ಮಗು ಮುದ್ದೆಯ ತಟ್ಟೆ ಎಸೆದಾಗ ಅವನ ಕೈ ಮೇಲೆದ್ದಿತ್ತು. ಇಳಿಸಿದ. ಅಳು ನಿಲ್ಲುವ ತನಕ ತೊಡೆಯ ಮೇಲೆ ಇಟ್ಟುಕೊಂಡು ಕೂತ.

ಒಂದು ದಿನ ಮಗಳು ಕೇಳಿದಳು:

"ಅಪ್ಪ, ಅಮ್ಮ ಯಾವಾಗ ಬತ್ತಾಳೆ?"

ಕದಿರಮ್ಮ ಸಂತೆಗೆ ಹೋಗಿದ್ದಾಳೆ, ಇನ್ನೇನು ಬರುತ್ತಾಳೆ ಎಂಬಂತೆ ಅವನು ಅಷ್ಟು ದಿನ ಅವಳ ಸುದ್ದಿ ಹೇಳಿದ್ದ. ಸುಳ್ಳು ಹೇಳಬಹುದಿತ್ತು. ಮಗಳ ಮುಖ ನೋಡಿದ.

"ಬರಲ್ಲ ಕಣಮ್ಮ. ಸತ್ತೋದ್ಲು. ನಂಗೂ ಅವಳಿಲ್ದೆ ಬ್ಯಾಸ್ರ ಆಯ್ತದೆ."

ಅವಳು ಬಂದು ಅವನಿಗೆ ಒರಗಿಕೊಂಡಳು. ಹೆಂಡತಿ ಹೋದ ಮೇಲೆ ಬೈರಪ್ಪ ಅತ್ತದ್ದು ಅವತ್ತೇ.

ಅಕ್ಕ ಮತ್ತೆ ಬಂದಾಗ ಮಗು ಇಲ್ಲೇ ಇರುತ್ತದೆ ಎಂದ. ಮದುವೆ ಮಾಡಿಕೊಳ್ಳಲಿಲ್ಲ. ತೊಂಬತ್ತೆಂಟರಲ್ಲಿ ಆದಿಲಕ್ಷ್ಮಿ ಬಂಗಾರಪೇಟೆಯ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗತೊಡಗಿದಳು. ಹಗಲೆಲ್ಲ ಅವನೊಬ್ಬನೇ. ಸಂಜೆ ಬಸ್ಸು ಬರುವುದಕ್ಕೆ ಬಹಳ ಮೊದಲೇ ಕುರಿಗಳನ್ನು ರಸ್ತೆಯ ಕಡೆಗೆ ಹೊಡೆದುಕೊಂಡು ಬಂದು ನಿಲ್ಲುತ್ತಿದ್ದ.